ಹಲ್ಲಿದ್ದವರಿಗೆ ಐದು ದಿನ, ಹಲ್ಲಿಲ್ಲದವರಿಗೆ ಒಂದೇ ದಿನ

(ಶ್ರವಣ ನರದ ಗಡ್ಡೆಗೆ ಕೊಡುವ ವಿಕಿರಣ ಚಿಕಿತ್ಸೆಯ ಬಗ್ಗೆ ಹಿರಿಯ ನಾಗರಿಕರ ಬಳಗವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಒಬ್ಬರ ವಿಷಯದಿಂದ ಶುರು ಮಾಡುತ್ತೇನೆ. ಗುರುತು ಸಿಗಬಾರದೆಂದು ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಅವರು ಮಂಡಿಯಲ್ಲಿ ಕೂರುವ ಭಂಗಿ ವರ್ಷಗಳಿಂದ ಒಂದೇ: ಎಡಗಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿದ ಫೋನ್, ಬಲಗೈಯಲ್ಲಿ ಪೆನ್ನು, ಮುಂದೆ ಲೆಕ್ಕದ ಪುಸ್ತಕ. ಆ ಕಡೆಯವರು ದರ ಹೇಳುತ್ತಿದ್ದಂತೆ ಇವರು ಬರೆದುಕೊಳ್ಳುತ್ತಾರೆ. ಒಂದು ದಿನ ನಲವತ್ತೇಳು ಸಾವಿರ ಎಂದದ್ದು ಇವರಿಗೆ ನಲವತ್ತೆಂಟಾಗಿ ಕೇಳಿಸಿತು. ವಾರದಲ್ಲಿ ಇನ್ನೊಮ್ಮೆ ಹಾಗೇ ಆಯಿತು. ಫೋನ್ ಕೆಟ್ಟಿದೆಯೆಂದು ಹೊಸದು ಕೊಂಡರು. ಅದರಲ್ಲೂ ಅದೇ ಕಥೆ. ಬಲಗಿವಿಗೆ ಹಿಡಿದರೆ ಮಾತು ಸ್ಪಷ್ಟ, ಆದರೆ ಬಲಭುಜ ಎತ್ತಿ ಫೋನ್ ಒತ್ತಿಕೊಂಡರೆ ಬರೆಯುವ ಕೈ ಆಡುವುದಿಲ್ಲ. "ಶಬ್ದ ಬರುತ್ತದೆ ಸರ್, ಮಾತು ಬರುವುದಿಲ್ಲ" ಎಂದು ಅವರು ನನಗೆ ಹೇಳಿದರು. ಈ ಕಾಯಿಲೆಯ ಲಕ್ಷಣವನ್ನು ಇಷ್ಟು ಚೊಕ್ಕವಾಗಿ ಹೇಳಿದ್ದನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಓದಿಲ್ಲ.

ಎಂಆರ್‌ಐಯಲ್ಲಿ ಕಂಡದ್ದು ಒಂದೂವರೆ ಸೆಂಟಿಮೀಟರಿಗೆ ತುಸು ಕಡಿಮೆ ಇದ್ದ ಗಡ್ಡೆ. ಕ್ಯಾನ್ಸರ್ ಅಲ್ಲ. ಅವರು ಮೂರು ಕಡೆ ತೋರಿಸಿ, ಮೂರು ಚೀಟಿ ಹಿಡಿದುಕೊಂಡು ಬಂದಿದ್ದರು. ಒಂದರಲ್ಲಿ ಒಂದೇ ದಿನದ ಚಿಕಿತ್ಸೆ, 12 ಗ್ರೇ (ಗ್ರೇ ಎಂದರೆ ವಿಕಿರಣದ ಡೋಸ್ ಅಳೆಯುವ ಮಾನ). ಇನ್ನೊಂದರಲ್ಲಿ ಐದು ದಿನ, ಒಟ್ಟು 25. ಮೂರನೆಯದರಲ್ಲಿ ಐದೂವರೆ ವಾರ, ಒಟ್ಟು 50 ಚಿಲ್ಲರೆ. ಲೆಕ್ಕ ಬರೆಯುವವರ ಕಣ್ಣು ಸಹಜವಾಗಿ ಅಂಕಿಯ ಮೇಲೆಯೇ ನೆಟ್ಟಿತ್ತು. "ಒಂದೇ ಮಾಲಿಗೆ 12, 25, 50 ಅಂದರೆ ಹೇಗೆ ಸರ್? ಯಾರೋ ಒಬ್ಬರು ಮೋಸ ಮಾಡುತ್ತಿದ್ದಾರೆ."

ಯಾರೂ ಮೋಸ ಮಾಡುತ್ತಿರಲಿಲ್ಲ. ಆದರೆ ಅದು ಯಾಕೆ ಮೋಸವಲ್ಲ ಎಂದು ವಿವರಿಸಲು ನನಗೆ ಅರ್ಧ ದಿನ ಹಿಡಿಯಿತು. ನಿಮಗೆ ಒಂದು ಗಂಟೆಯಲ್ಲಿ ಹೇಳುವ ಪ್ರಯತ್ನ ಮಾಡುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯನಲ್ಲ. ವಿಕಿರಣ ವಿಭಾಗದಲ್ಲಿ ಭೌತವಿಜ್ಞಾನಿಯಾಗಿದ್ದು ನಿವೃತ್ತನಾದವನು. ವೈದ್ಯರು ಬರೆದುಕೊಟ್ಟ ಡೋಸನ್ನು ಹೇಳಿದ ಜಾಗಕ್ಕೆ, ಹೇಳಿದಷ್ಟೇ ತಲುಪಿಸುವುದು ನನ್ನ ಕೆಲಸವಾಗಿತ್ತು. ಹಳ್ಳಿಯಿಂದ ಬಂದವರು ನಮ್ಮ ವಿಭಾಗವನ್ನು "ಕರೆಂಟ್ ಕೊಡುವ ಜಾಗ" ಎನ್ನುತ್ತಿದ್ದರು. ಹಾಗಾಗಿ ನನ್ನನ್ನು ಲೈನ್‌ಮನ್ ಎಂದುಕೊಂಡರೂ ಬೇಸರವಿಲ್ಲ.

ಶ್ರವಣ ನರದ ಗಡ್ಡೆ ಎನ್ನುತ್ತೇವಲ್ಲ, ಆ ಹೆಸರೇ ತಪ್ಪು. ಒಳಗಿವಿಯಿಂದ ಮಿದುಳಿನ ಕಡೆಗೆ ಮೂಳೆಯಲ್ಲಿ ಒಂದು ಸಣ್ಣ ಸುರಂಗವಿದೆ, ಸುಮಾರು ಒಂದು ಸೆಂಟಿಮೀಟರ್ ಉದ್ದ. ಅದರೊಳಗೆ ಕೇಳಿಸುವ ನರ, ದೇಹದ ಸಮತೋಲ ಕಾಯುವ ನರ, ಮುಖದ ಸ್ನಾಯುಗಳನ್ನು ಆಡಿಸುವ ನರ, ಎಲ್ಲವೂ ಒತ್ತೊತ್ತಾಗಿ ಸಾಗುತ್ತವೆ. ಗಡ್ಡೆ ಹುಟ್ಟುವುದು ಸಮತೋಲದ ನರದ ಮೇಲೆ, ಅದರ ಹೊದಿಕೆಯ ಶ್ವಾನ್ ಕೋಶಗಳಲ್ಲಿ. ಆದ್ದರಿಂದಲೇ ವೈದ್ಯರು ಈಗ ಅದನ್ನು ವೆಸ್ಟಿಬ್ಯುಲರ್ ಶ್ವಾನೋಮಾ ಎನ್ನುತ್ತಾರೆ. ಜಗಳ ಒಂದು ಮನೆಯಲ್ಲಿ, ನಿದ್ದೆಗೆಡುವುದು ಪಕ್ಕದ ಮನೆಯವರು: ಕಿವಿ ಕೇಳದಾಗುತ್ತದೆ, ಕಿವಿಯಲ್ಲಿ ಗುಂಯ್‌ಗುಡುತ್ತದೆ. ಬೆಳೆಯುತ್ತ ಗಡ್ಡೆ ಸುರಂಗದ ಬಾಯಿಯಿಂದ ಹೊರಗೆ ಚಾಚಿ ಅಣಬೆಯ ಹಾಗೆ ಅರಳುತ್ತದೆ. ತೊಟ್ಟು ಸುರಂಗದಲ್ಲಿ, ತಲೆ ಮಿದುಳುಕಾಂಡದ ಕಡೆಗೆ.

ಬೆಳವಣಿಗೆ ಬಹಳ ನಿಧಾನ. ಬೆಳೆಯುವಂಥವು ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆಯುತ್ತವೆ. ಹಲವು ಗಡ್ಡೆಗಳು ವರ್ಷಗಟ್ಟಲೆ ಅಲ್ಲಾಡುವುದೇ ಇಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಎರಡೂ ಕಿವಿಯ ಕಡೆ ಗಡ್ಡೆ ಬರುವ ಎನ್ಎಫ್-2 ಎಂಬ ಆನುವಂಶಿಕ ಕಾಯಿಲೆ ಬೇರೆಯೇ ಅಧ್ಯಾಯ. ಅದನ್ನು ಇಂದು ಮುಟ್ಟುವುದಿಲ್ಲ.

ವಿಕಿರಣದ ಕಥೆ ಸ್ಟಾಕ್‌ಹೋಮಿನಿಂದ ಶುರುವಾಗುತ್ತದೆ. ಲಾರ್ಸ್ ಲೆಕ್ಸೆಲ್ ಎಂಬ ನರಶಸ್ತ್ರಚಿಕಿತ್ಸಕರು 1951ರಲ್ಲಿ "ರೇಡಿಯೋಸರ್ಜರಿ" ಎಂಬ ಪದ ಟಂಕಿಸಿದರು. ತಲೆಬುರುಡೆ ತೆರೆಯದೆ, ಸಣ್ಣ ಸಣ್ಣ ಕಿರಣಗಳನ್ನು ಹಲವು ದಿಕ್ಕುಗಳಿಂದ ಒಂದೇ ಬಿಂದುವಿನಲ್ಲಿ ಕೂಡಿಸುವುದು ಅವರ ಯೋಚನೆ. ದಾರಿಯಲ್ಲಿ ಪ್ರತಿ ಕಿರಣವೂ ದುರ್ಬಲ, ಕೂಡಿದ ಜಾಗದಲ್ಲಿ ಮಾತ್ರ ಪ್ರಬಲ. 1968ರ ಹೊತ್ತಿಗೆ ಮೊದಲ ಗಾಮಾ ನೈಫ್ ಕೆಲಸ ಶುರು ಮಾಡಿತು. ಅದರಲ್ಲಿದ್ದವು 179 ಕೋಬಾಲ್ಟ್ ಮೂಲಗಳು. ಚಾಕು ಎಂಬುದು ಹೆಸರಿನಲ್ಲಿ ಮಾತ್ರ. 1969ರಲ್ಲಿ ಅವರು ಮೊದಲ ಬಾರಿಗೆ ಈ ಗಡ್ಡೆಗೆ ಅದೇ ಯಂತ್ರದಲ್ಲಿ ಚಿಕಿತ್ಸೆ ಕೊಟ್ಟರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಗಾಮಾ ನೈಫ್ ಇದೆ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು.

ಆ ದಿನ ಹೇಗಿರುತ್ತದೆಂದು ಹೇಳುತ್ತೇನೆ. ಬೆಳಿಗ್ಗೆ ಏಳರ ಸುಮಾರಿಗೆ ರೋಗಿ ಕುರ್ಚಿಯಲ್ಲಿ ಕೂರುತ್ತಾರೆ. ಹಣೆಯಲ್ಲಿ ಎರಡು, ತಲೆಯ ಹಿಂದೆ ಎರಡು ಕಡೆ ಮರಗಟ್ಟಿಸುವ ಇಂಜೆಕ್ಷನ್. ನೋವೆಂದರೆ ಅದೇ, ಹಲ್ಲಿನ ಡಾಕ್ಟರು ಚುಚ್ಚಿದ ಹಾಗೆ. ಆಮೇಲೆ ಲೋಹದ ಚೌಕಟ್ಟನ್ನು ನಾಲ್ಕು ತಿರುಪುಗಳಿಂದ ತಲೆಬುರುಡೆಗೆ ಬಿಗಿಯುತ್ತಾರೆ. ಎದುರು ಬದುರಿನ ಎರಡು ತಿರುಪುಗಳನ್ನು ಏಕಕಾಲಕ್ಕೆ ತಿರುಗಿಸಬೇಕು, ಇಲ್ಲದಿದ್ದರೆ ಚೌಕಟ್ಟು ವಾಲುತ್ತದೆ. ಮೊದಲ ಐದು ನಿಮಿಷ ತಲೆಯನ್ನು ಇಕ್ಕಳದಲ್ಲಿ ಹಿಡಿದಂತೆ ಅನ್ನಿಸಿ, ಆಮೇಲೆ ಆ ಒತ್ತಡ ಅಭ್ಯಾಸವಾಗುತ್ತದೆ. ಚೌಕಟ್ಟಿನೊಂದಿಗೇ ಎಂಆರ್‌ಐ. ಅವರು ಇಡ್ಲಿ ತಿನ್ನುವ ಹೊತ್ತಿಗೆ (ತಿನ್ನಬಹುದು, ಬಾಯಿ ತೆರೆಯಲು ಅಡ್ಡಿಯಿಲ್ಲ) ನಾವು ಪರದೆಯ ಮುಂದೆ ಕೂತು ಗಡ್ಡೆಯ ಅಂಚು ಎಳೆಯುತ್ತಿರುತ್ತೇವೆ. ಕಿರಣಗಳೆಲ್ಲ ಒಂದು ಕಡೆ ಕೂಡಿ ಆಗುವ ಡೋಸಿನ ಉಂಡೆಗೆ ನಾವು ಶಾಟ್ ಎನ್ನುತ್ತೇವೆ. ಅಣಬೆಯ ತಲೆಯ ಭಾಗಕ್ಕೆ ದೊಡ್ಡ ಶಾಟ್, ತೊಟ್ಟಿನ ಭಾಗಕ್ಕೆ 4 ಮಿಲಿಮೀಟರಿನ ಪುಟ್ಟ ಶಾಟ್‌ಗಳು. ಸುರಂಗದ ಒಳತುದಿಯಲ್ಲಿ ಶಂಖದಾಕಾರದ ಕಾಕ್ಲಿಯಾ ಇದೆ. ಶಬ್ದವನ್ನು ನರಸಂಕೇತವಾಗಿ ಬದಲಾಯಿಸುವ ಅಂಗ ಅದೇ. ಅದಕ್ಕೆ ಬೀಳುವ ಸರಾಸರಿ ಡೋಸನ್ನು 4 ಗ್ರೇ ಒಳಗೆ ಇಡಲು ಒಂದೊಂದು ಶಾಟನ್ನೂ ಅರ್ಧ ಮಿಲಿಮೀಟರ್ ಆಚೀಚೆ ಸರಿಸುತ್ತ ಕೂರುತ್ತೇವೆ. ಸಂಜೆ ಚೌಕಟ್ಟು ಬಿಚ್ಚಿ, ಹಣೆಗೆ ಎರಡು ಪಟ್ಟಿ ಅಂಟಿಸಿ ಕಳಿಸಿದರೆ ಮುಗಿಯಿತು.

ಕೋಬಾಲ್ಟ್ ವಯಸ್ಸಾಗುವ ವಸ್ತು. ಐದೂಕಾಲು ವರ್ಷಕ್ಕೆ ಅದರ ಶಕ್ತಿ ಅರ್ಧವಾಗುತ್ತದೆ. ಹೊಸ ಮೂಲ ತುಂಬಿದ ವರ್ಷ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಚಿಕಿತ್ಸೆ ಆಮೇಲೆ ಒಂದು ಗಂಟೆ ಹಿಡಿಯುತ್ತದೆ. ಡೋಸ್ ಅಷ್ಟೇ, ಮಲಗುವ ಸಮಯ ಮಾತ್ರ ಹೆಚ್ಚು. ಹಾಗಾಗಿ ಪಕ್ಕದ ಮನೆಯವರಿಗೆ ಬೇಗ ಮುಗಿಯಿತು, ನನಗೆ ಯಾಕೆ ತಡ ಎಂದು ಹೆದರಬೇಡಿ.

ಲಿನಾಕ್ ಯಂತ್ರದಲ್ಲಿ ಕೋಬಾಲ್ಟ್ ಇರುವುದಿಲ್ಲ, ವಿದ್ಯುತ್ತಿನಿಂದ ಎಕ್ಸ್-ರೇ ಹುಟ್ಟಿಸುತ್ತಾರೆ. ಇಲ್ಲಿ "ಕರೆಂಟ್" ಎಂಬ ಮಾತು ಅಷ್ಟೇನೂ ತಪ್ಪಲ್ಲ. ಸೈಬರ್ ನೈಫ್ ಎಂದರೆ ಕಾರ್ಖಾನೆಯಲ್ಲಿ ಕಾರು ಜೋಡಿಸುವಂಥ ರೋಬೋಟ್ ತೋಳಿನ ತುದಿಗೆ ಕೂರಿಸಿದ ಸಣ್ಣ ಲಿನಾಕ್. ಸ್ಟ್ಯಾನ್‌ಫರ್ಡ್‌ನ ಜಾನ್ ಆಡ್ಲರ್ ಅದನ್ನು ರೂಪಿಸಿದರು. ಲೆಕ್ಸೆಲ್ ಅವರ ಬಳಿ ಕಲಿತು ಬಂದವರೇ ಅವರು. ತಿರುಪು ಬೇಡ, ಮುಖಕ್ಕೆ ಅಚ್ಚು ಹಾಕಿದ ಪ್ಲಾಸ್ಟಿಕ್ ಜಾಲರಿ ಸಾಕು. ಚಿಕಿತ್ಸೆಯ ನಡುವೆ ಮತ್ತೆ ಮತ್ತೆ ಎಕ್ಸ್-ರೇ ತೆಗೆದು, ತಲೆ ಕದಲಿದ್ದರೆ ರೋಬೋಟ್ ತನ್ನ ಗುರಿಯನ್ನು ತಿದ್ದಿಕೊಳ್ಳುತ್ತದೆ. ತಿರುಪು ಇಲ್ಲವಾದದ್ದರಿಂದ ಮೂರು ಅಥವಾ ಐದು ದಿನ ಕರೆಸಿಕೊಂಡು ಕಂತಿನಲ್ಲಿ ಕೊಡುವುದು ಸುಲಭವಾಯಿತು. ಈಗ ಗಾಮಾ ನೈಫಿನ ಹೊಸ ಮಾದರಿಗೂ ಜಾಲರಿ ಬಂದಿದೆ, ಆ ವ್ಯತ್ಯಾಸವೂ ಹೋಯಿತು. ಎಕ್ಸ್-ರೇ ಬದಲು ಪ್ರೋಟಾನ್ ಎಂಬ ಕಣಗಳಿಂದ ಕೊಡುವ ಚಿಕಿತ್ಸೆಯ ಬಗ್ಗೆ ಕೇಳುವವರಿದ್ದಾರೆ. ಈ ಗಾತ್ರದ ಗಡ್ಡೆಗೆ ಅದರಿಂದ ಹೆಚ್ಚಿನ ಲಾಭವಿದೆ ಎಂದು ನನಗೆ ಮನವರಿಕೆಯಾಗಿಲ್ಲ, ಖರ್ಚಂತೂ ಹೆಚ್ಚು.

ಈಗ ಮಂಡಿಯವರ ಲೆಕ್ಕಕ್ಕೆ ಬರೋಣ. 12 ಮತ್ತು 50 ಒಂದೇ ಅಳತೆಯ ಅಂಕಿಗಳಾದರೂ ಅವನ್ನು ನೇರವಾಗಿ ಹೋಲಿಸುವಂತಿಲ್ಲ. ಒಂದೇ ರಾತ್ರಿ 12 ಸೆಂಟಿಮೀಟರ್ ಮಳೆ ಸುರಿದರೆ ಕೆರೆಯ ಏರಿ ಒಡೆಯಬಹುದು. ಅದೇ ತಿಂಗಳುಪೂರ್ತಿ ಹನಿದು 50 ಸೆಂಟಿಮೀಟರ್ ಆದರೆ ಏರಿಗೆ ಏನೂ ಆಗದೆ ಇರಬಹುದು. ಕಂತುಗಳ ನಡುವೆ ಜೀವಕೋಶಗಳು ತಮ್ಮ ಗಾಯಗಳನ್ನು ರಿಪೇರಿ ಮಾಡಿಕೊಳ್ಳುತ್ತವೆ. ಆದ್ದರಿಂದ ಕಂತು ಹೆಚ್ಚಿದಷ್ಟೂ ಒಟ್ಟು ಮೊತ್ತ ಹೆಚ್ಚಬೇಕು. ಒಂದೇ ಬಾರಿಗೆ 12ರಿಂದ 13, ಮೂರು ಕಂತಿಗೆ 18, ಐದು ಕಂತಿಗೆ 25, ದಿನಕ್ಕೆ 1.8ರಂತೆ 28 ದಿನಕ್ಕೆ 50.4. ಹತ್ತಿರ ಹತ್ತಿರದ ಪರಿಣಾಮಕ್ಕೆಂದು ಬರೆದ ಬೇರೆ ಬೇರೆ ಚೀಟಿಗಳಿವು.

ಕಂತಿನ ಪರ ವಾದಿಸುವವರು ಹೇಳುವುದು ಹೀಗೆ: ಗಡ್ಡೆಯ ಜೊತೆಗೇ ಒಳ್ಳೆಯ ನರಗಳೂ ಇವೆ, ಬಿಡುವು ಕೊಟ್ಟರೆ ಅವು ಚೇತರಿಸಿಕೊಳ್ಳುತ್ತವೆ. ಒಂದೇ ಬಾರಿಯ ಪಕ್ಷದವರ ಉತ್ತರ: ಚೇತರಿಕೆಯ ಲಾಭ ನಿಜವಾಗಿ ದೊರೆಯುವುದು ಬೇಗ ಬೇಗ ವಿಭಜಿಸುವ ಕ್ಯಾನ್ಸರ್ ಕೋಶಗಳ ಎದುರು. ಈ ಗಡ್ಡೆಯೇ ಆಮೆಯಂತೆ ಬೆಳೆಯುವುದು, ಬಿಡುವು ಕೊಟ್ಟರೆ ನರದಂತೆ ಅದೂ ಸುಧಾರಿಸಿಕೊಳ್ಳುತ್ತದೆ. ನೀವು ಯಾರಿಗೆ ಉಪಕಾರ ಮಾಡಿದ ಹಾಗಾಯಿತು? ನಾನು ಮನಸ್ಸಿನಲ್ಲಿ ಎರಡನೆಯವರ ಕಡೆ ತುಸು ವಾಲುತ್ತೇನೆ. ಆದರೆ ವಾದ ಕಾಗದದ ಮೇಲೆ ಎಷ್ಟೇ ಚೆನ್ನಾಗಿರಲಿ, ರೋಗಿಗಳಲ್ಲಿ ಏನಾಯಿತು ಎಂದು ನೋಡಬೇಕು.

ನೋಡಲು ಹೊರಟರೆ ತೊಡಕು ಶುರು. ಹೆಚ್ಚಿನ ಆಸ್ಪತ್ರೆಗಳಲ್ಲಿ ಸಣ್ಣ ಗಡ್ಡೆಗೆ ಒಂದೇ ಬಾರಿ, ದೊಡ್ಡದಕ್ಕೆ ಕಂತು. ಆಮೇಲೆ ಎರಡನ್ನೂ ಹೋಲಿಸಿದರೆ ಚಿಕಿತ್ಸೆಯನ್ನು ಹೋಲಿಸಿದಂತಾಗುವುದಿಲ್ಲ, ಗಡ್ಡೆಗಳನ್ನು ಹೋಲಿಸಿದಂತಾಗುತ್ತದೆ. ಈ ಕಾರಣಕ್ಕೇ ಆಮ್‌ಸ್ಟರ್‌ಡಾಮಿನ ಒಂದು ಅಧ್ಯಯನ ನನಗೆ ಅಚ್ಚುಮೆಚ್ಚು. 2003ರಲ್ಲಿ ಪ್ರಕಟವಾದದ್ದು. ಅಲ್ಲಿ ಕಂತಿನ ಚಿಕಿತ್ಸೆಗೆ ದಿನವೂ ತೆಗೆದು ಹಾಕಬಹುದಾದ ಚೌಕಟ್ಟು ಬಳಸುತ್ತಿದ್ದರು. ಅದು ತಲೆಯಲ್ಲಿ ನಿಲ್ಲಬೇಕಾದರೆ ರೋಗಿ ತನ್ನ ಮೇಲ್ದವಡೆಯ ಹಲ್ಲುಗಳ ಅಚ್ಚನ್ನು ಕಚ್ಚಿ ಹಿಡಿಯಬೇಕು. ಹಲ್ಲಿಲ್ಲದವರು ಏನು ಕಚ್ಚುತ್ತಾರೆ? ಹೀಗಾಗಿ ಹಲ್ಲಿದ್ದ 80 ಜನರಿಗೆ ಐದು ಕಂತು, ಬೊಚ್ಚುಬಾಯಿಯ 49 ಜನರಿಗೆ ತಿರುಪು ಬಿಗಿದು ಒಂದೇ ಬಾರಿ. ಕಿವಿಯ ಹಿಂದಿನ ಗಡ್ಡೆಗೆ ಯಾವ ಚಿಕಿತ್ಸೆ ಎಂದು ಬಾಯಿಯೊಳಗಿನ ಹಲ್ಲು ತೀರ್ಮಾನ ಮಾಡಿತು! ನಗಬೇಡಿ, ವಿಜ್ಞಾನದ ದೃಷ್ಟಿಯಿಂದ ಇದು ಬಂಗಾರದಂಥ ಅವಕಾಶ. ಹಲ್ಲಿಗೂ ಗಡ್ಡೆಯ ಗಾತ್ರಕ್ಕೂ ಸಂಬಂಧವಿಲ್ಲವಲ್ಲ. ಎರಡೂ ಗುಂಪಿನ ಗಡ್ಡೆಗಳ ಸರಾಸರಿ ಗಾತ್ರ ಹೆಚ್ಚುಕಡಿಮೆ ಒಂದೇ ಇತ್ತು. ವಯಸ್ಸಿನ ವ್ಯತ್ಯಾಸ ಮಾತ್ರ ಇತ್ತು: ಹಲ್ಲಿಲ್ಲದವರ ಸರಾಸರಿ 63, ಇದ್ದವರದು 49.

ಐದು ವರ್ಷದ ಫಲಿತಾಂಶ ಹೀಗಿತ್ತು. ಗಡ್ಡೆ ಹತೋಟಿಯಲ್ಲಿದ್ದದ್ದು ಒಂದೇ ಬಾರಿಯವರಲ್ಲಿ ಶೇ. 100, ಕಂತಿನವರಲ್ಲಿ ಶೇ. 94. ಮುಖದ ನರ ಉಳಿದದ್ದು ಶೇ. 93 ಮತ್ತು 97. ಕೇಳುವ ಶಕ್ತಿ ಉಳಿದದ್ದು ಶೇ. 75 ಮತ್ತು 61. ಈ ಮೂರರಲ್ಲೂ ಕಂಡ ಅಂತರ ಆಕಸ್ಮಿಕವೂ ಇರಬಹುದು, ಸಂಖ್ಯಾಶಾಸ್ತ್ರ ಅದನ್ನು ವ್ಯತ್ಯಾಸವೆಂದು ಒಪ್ಪುವುದಿಲ್ಲ. ಮುಖಕ್ಕೆ ಸ್ಪರ್ಶ ತಿಳಿಸುವ ನರದ ವಿಷಯದಲ್ಲಿ ಮಾತ್ರ, ಶೇ. 92ಕ್ಕೆ ಎದುರಾಗಿ 98, ಕಂತಿನವರು ಕೂದಲೆಳೆಯಷ್ಟು ಮುಂದಿದ್ದರು. ಕಂತು ಕೊಟ್ಟರೆ ಕಿವಿ ಉಳಿಯುತ್ತದೆ ಎಂಬ ದೊಡ್ಡ ಭರವಸೆ ಇಲ್ಲಿ ಕಾಣಲಿಲ್ಲ.

ಹಾಗಾದರೆ ಮುಖ ಸೊಟ್ಟಗಾಗುವ ಭಯ ಇಷ್ಟು ಕಡಿಮೆಯಾದದ್ದು ಯಾವ ಯಂತ್ರದಿಂದ? ನನ್ನ ಉತ್ತರ: ಯಾವ ಯಂತ್ರದಿಂದಲೂ ಅಲ್ಲ. ಅಮೆರಿಕದ ಪಿಟ್ಸ್‌ಬರ್ಗಿಗೆ 1987ರಲ್ಲಿ ಗಾಮಾ ನೈಫ್ ಬಂತು. 1992ರವರೆಗೆ ಅಲ್ಲಿ ಚಿಕಿತ್ಸೆ ಪಡೆದ 162 ಜನರ ವಿವರ 1998ರಲ್ಲಿ ಪ್ರಕಟವಾಯಿತು. ಅಂಚಿನ ಡೋಸ್, ಅಂದರೆ ಗಡ್ಡೆಯ ಅಂಚಿಗೆ ತಲುಪಿದ ಡೋಸ್, ಸರಾಸರಿ 16 ಗ್ರೇ. ಶೇ. 98 ಜನರಲ್ಲಿ ಗಡ್ಡೆ ಹತೋಟಿಗೆ ಬಂತು, ಆದರೆ ಐದು ವರ್ಷಗಳ ಬಳಿಕ ಮುಖದ ನರ ಪೂರ್ತಿ ಸರಿಯಿದ್ದದ್ದು ಶೇ. 79 ಜನರಲ್ಲಿ ಮಾತ್ರ. ಅಂದರೆ ಐವರಲ್ಲಿ ಒಬ್ಬರಿಗೆ ತೊಂದರೆ. ಅದೇ ಕೇಂದ್ರ, ಅದೇ ಬಗೆಯ ಯಂತ್ರ. ಆಮೇಲೆ ಡೋಸನ್ನು 12-13ಕ್ಕೆ ಇಳಿಸಿದರು, ಸಿ.ಟಿ. ಬದಲು ಎಂಆರ್‌ಐ ನೋಡಿ ಅಂಚು ಎಳೆಯತೊಡಗಿದರು. 2004ರಲ್ಲಿ ಬಂದ ಅವರ ವರದಿಯಲ್ಲಿ ಮುಖದ ಶಕ್ತಿ ಕುಂದಿದವರು ಒಬ್ಬರೂ ಇರಲಿಲ್ಲ, ಹತೋಟಿ ಮೊದಲಿನಷ್ಟೇ. ಮೂರು ಗ್ರೇ ಕಡಿಮೆ ಮಾಡುವ ಧೈರ್ಯ ಹೊಸ ಕಟ್ಟಡ, ಹೊಸ ಯಂತ್ರ, ಹೊಸ ಜಾಹೀರಾತಿಗಿಂತ ಹೆಚ್ಚಿನ ಕೆಲಸ ಮಾಡಿತು. ನನ್ನ ವೃತ್ತಿಯವರಿಗೆ ಇದು ಒಗ್ಗುವ ಮಾತಲ್ಲ, ನಮಗೆ ಹೊಸ ಯಂತ್ರವೆಂದರೆ ಪ್ರಾಣ.

ಇಲ್ಲಿ ಇನ್ನೊಂದು ಸೂಕ್ಷ್ಮ ಹೇಳಲೇಬೇಕು, ಇದು ನನ್ನ ಕಸುಬಿನ ಒಳಗಿನ ಮಾತು. ಎರಡು ಆಸ್ಪತ್ರೆಗಳ ಚೀಟಿಯಲ್ಲೂ 12.5 ಗ್ರೇ ಎಂದಿದ್ದರೂ ಅದು ಒಂದೇ ಚಿಕಿತ್ಸೆಯಲ್ಲ. ಚೀಟಿಯಲ್ಲಿ ಬರೆಯುವುದು ಗಡ್ಡೆಯ ಅಂಚಿಗೆ ತಲುಪುವ ಡೋಸ್. ಗಾಮಾ ನೈಫಿನಲ್ಲಿ ಸಾಮಾನ್ಯವಾಗಿ ಅಂಚು ಎಂದರೆ ಗರಿಷ್ಠದ ಶೇ. 50, ಆದ್ದರಿಂದ ನಡುವೆ 25 ಗ್ರೇವರೆಗೆ ಏರುತ್ತದೆ. ಲಿನಾಕ್‌ನಲ್ಲಿ ಹಲವೆಡೆ ಅಂಚನ್ನು ಶೇ. 80ಕ್ಕೆ ಇಡುತ್ತಾರೆ, ಆಗ ನಡುವಿನ ಗರಿಷ್ಠ 15.6. ಒಂದು ಕಡೆ ಗೋಪುರ, ಇನ್ನೊಂದು ಕಡೆ ಜಗಲಿ. ಗೋಪುರ ಇದ್ದಲ್ಲಿ ಅಂಚಿನಾಚೆ ಡೋಸ್ ಕಡಿದಾಗಿ ಇಳಿಯುತ್ತದೆ, ಅದು ಲಾಭ. ಆದರೆ ಕೇಳಿಸುವ ನರ ಗಡ್ಡೆಯೊಳಗೇ ಹೂತುಹೋಗಿದ್ದರೆ ಗೋಪುರದ ತುದಿ ಅದರ ಮೇಲೆಯೇ ಬೀಳಬಹುದು. ಆದ್ದರಿಂದ ವೈದ್ಯರನ್ನು "ಯಾವ ಯಂತ್ರ?" ಎಂದು ಕೇಳಿ ಸುಮ್ಮನಾಗಬೇಡಿ. ಅಂಚಿಗೆ ಎಷ್ಟು, ಎಷ್ಟು ಶೇಕಡಾ ರೇಖೆಗೆ, ಕಾಕ್ಲಿಯಾಕ್ಕೆ ಸರಾಸರಿ ಎಷ್ಟು ಎಂದು ಕೇಳಿ. ಒಳ್ಳೆಯ ವೈದ್ಯರಿಗೆ ಇದರಿಂದ ಸಂತೋಷವೇ ಆಗುತ್ತದೆ.

ಕಿವಿಯ ವಿಷಯದಲ್ಲಿ ಕಹಿ ಮಾತೂ ಇದೆ. ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯವರು 2013ರಲ್ಲಿ, ಕಡಿಮೆ ಡೋಸಿನ ರೇಡಿಯೋಸರ್ಜರಿಯ ನಂತರ ದೀರ್ಘಕಾಲ ಗಮನಿಸಿದ 44 ಜನರ ಲೆಕ್ಕ ಕೊಟ್ಟರು. ಉಪಯೋಗಕ್ಕೆ ಬರುವಷ್ಟು ಕೇಳುವ ಶಕ್ತಿ ಒಂದು ವರ್ಷಕ್ಕೆ ಶೇ. 80 ಜನರಲ್ಲಿತ್ತು, ಐದು ವರ್ಷಕ್ಕೆ 48, ಹತ್ತು ವರ್ಷಕ್ಕೆ 23. ಎರಡು ವರ್ಷದ ಫಲಿತಾಂಶ ತೋರಿಸಿ "ಕಿವಿ ಉಳಿಸುತ್ತೇವೆ" ಎನ್ನುವ ಯಾವ ಕರಪತ್ರವನ್ನೂ ನಾನು ನಂಬದಿರುವುದು ಇದರಿಂದ. ಚಿಕಿತ್ಸೆ ಕೊಡದೆ ಬಿಟ್ಟರೂ ಕಿವಿ ಕ್ರಮೇಣ ಮಂದವಾಗುತ್ತದೆ ಎಂಬುದು ಇದರ ಇನ್ನೊಂದು ಮುಖ.

ಅದಕ್ಕೇ ನಾರ್ವೆಯ ಬೆರ್ಗೆನ್‌ನವರು ಮೂಲಪ್ರಶ್ನೆಯನ್ನೇ ಎತ್ತಿದರು: ಈಗಲೇ ಕೊಡಬೇಕೆ? ಗಡ್ಡೆ ಹೊಸದಾಗಿ ಪತ್ತೆಯಾದ 100 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಸುರಂಗದ ಹೊರಗಿನ ಭಾಗ 2 ಸೆಂಟಿಮೀಟರಿಗಿಂತ ಕಡಿಮೆ ಇದ್ದವರು ಮಾತ್ರ. ಅರ್ಧ ಜನರಿಗೆ ಕೂಡಲೇ ರೇಡಿಯೋಸರ್ಜರಿ, ಉಳಿದವರಿಗೆ ಕಾದು ನೋಡುವುದು, ಬೆಳೆದರೆ ಮಾತ್ರ ಚಿಕಿತ್ಸೆ. 2023ರಲ್ಲಿ ಬಂದ ನಾಲ್ಕು ವರ್ಷದ ಫಲಿತಾಂಶದಲ್ಲಿ, ಕೂಡಲೇ ಕೊಟ್ಟವರ ಗಡ್ಡೆ ಮೊದಲಿನ ಗಾತ್ರದ 0.87ಕ್ಕೆ ಇಳಿದಿತ್ತು, ಕಾದವರದು 1.51ಕ್ಕೆ ಏರಿತ್ತು. ಗಡ್ಡೆಯ ಲೆಕ್ಕದಲ್ಲಿ ವಿಕಿರಣಕ್ಕೇ ಗೆಲುವು. ಆದರೆ ಕೇಳುವ ಶಕ್ತಿಯಲ್ಲಿ ಎರಡೂ ಗುಂಪಿನ ನಡುವೆ ವ್ಯತ್ಯಾಸ ಕಾಣಲಿಲ್ಲ. ಕಾದವರಲ್ಲಿ 21 ಜನರಿಗೆ ಆಮೇಲೆ ರೇಡಿಯೋಸರ್ಜರಿ ಬೇಕಾಯಿತು. ಅರ್ಧಕ್ಕಿಂತ ಹೆಚ್ಚು ಜನ ಆ ನಾಲ್ಕು ವರ್ಷ ಯಾವ ಚಿಕಿತ್ಸೆಯೂ ಇಲ್ಲದೆ ಕಳೆದರು. ಬೇಗ ಕೊಟ್ಟರೆ ಗಡ್ಡೆ ಕುಗ್ಗೀತು, ಕಿವಿ ಉಳಿದೀತೆಂಬ ಖಾತರಿಯಿಲ್ಲ ಎಂದು ನಾನು ಇದನ್ನು ಓದುತ್ತೇನೆ.

ಮೂರು ಸೆಂಟಿಮೀಟರ್ ಮೀರಿ ಮಿದುಳುಕಾಂಡವನ್ನು ಒತ್ತುತ್ತಿರುವ ಗಡ್ಡೆಗೆ ಈ ಚರ್ಚೆ ಅನ್ವಯಿಸುವುದಿಲ್ಲ, ಅಲ್ಲಿ ಶಸ್ತ್ರಚಿಕಿತ್ಸೆಯೇ ಮೊದಲು. ಮುಖದ ನರಕ್ಕೆ ಅಂಟಿದ ತುಣುಕನ್ನು ಹಾಗೇ ಬಿಟ್ಟು ಅದಕ್ಕೆ ಆಮೇಲೆ ವಿಕಿರಣ ಕೊಡುವ ರೂಢಿಯೂ ಇದೆ, ಒಳ್ಳೆಯ ರೂಢಿ.

ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸುತ್ತೇನೆ. ಒಬ್ಬ ಅಜ್ಜಿ ಕೇಳಿದರು, ಚಿಕಿತ್ಸೆಯಾದ ಮೇಲೆ ಮೊಮ್ಮಗುವನ್ನು ಎತ್ತಿಕೊಳ್ಳಬಹುದೇ ಎಂದು. ಅಂದೇ ಸಂಜೆ ಎತ್ತಿಕೊಳ್ಳಬಹುದಮ್ಮಾ. ಬಲ್ಬ್ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದೆಯೇ? ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ. ಮೊಬೈಲಿನಿಂದ ಈ ಗಡ್ಡೆ ಬರುತ್ತದೆಯೇ ಎಂದು ಇನ್ನೊಬ್ಬರು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಮೊಬೈಲ್ ತರಂಗಗಳನ್ನು "ಕಾರಣವಾಗಿರಲೂಬಹುದು" ಎಂಬ ಪಟ್ಟಿಗೆ ಸೇರಿಸಿದಾಗ ಈ ಗಡ್ಡೆಯ ಹೆಸರೂ ಅದರಲ್ಲಿತ್ತು. ಆದರೆ ಕಾರಣವೆಂದು ಸಾಬೀತಾಗಿಲ್ಲ. ವಿಕಿರಣದಿಂದಲೇ ಕ್ಯಾನ್ಸರ್ ಬಂದರೆ ಎಂದೂ ಕೇಳಿದರು. ಅಪಾಯ ಸೊನ್ನೆಯಲ್ಲ, ಬಹಳ ವಿರಳ. ಇಪ್ಪತ್ತರ ಹರೆಯದವರಿಗೆ ಇದನ್ನು ಬಿಡಿಸಿ ಹೇಳಲೇಬೇಕು, ಎಪ್ಪತ್ತರವರು ಇದಕ್ಕಾಗಿ ನಿದ್ದೆಗೆಡಬೇಕಿಲ್ಲ.

ಚಿಕಿತ್ಸೆಯಾಗಿ ಆರೇಳು ತಿಂಗಳಿಗೆ ಸ್ಕ್ಯಾನ್ ಮಾಡಿಸಿದರೆ ಗಡ್ಡೆ ದೊಡ್ಡದಾಗಿದೆ ಎಂದು ವರದಿ ಬರಬಹುದು. ಎಷ್ಟೋ ಮನೆಗಳಲ್ಲಿ ಆ ದಿನ ಒಲೆ ಹಚ್ಚುವುದಿಲ್ಲ. ವಿಕಿರಣ ತಿಂದ ಗಡ್ಡೆ ಮೊದಲು ಊದುವುದುಂಟು, ನಡುಭಾಗ ಕಪ್ಪಾಗುವುದುಂಟು, ಆಮೇಲೆ ಇಳಿಯುತ್ತದೆ. ಹೊಸ ತೊಂದರೆ ಕಾಣಿಸದಿದ್ದರೆ ಎರಡು ಮೂರು ವರ್ಷದ ಸ್ಕ್ಯಾನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡುವವರೆಗೆ ಸೋತೆವೆಂದು ಹೇಳಬಾರದು. ಅವಸರದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ಕಂಡಿದ್ದೇನೆ.

ಮಂಡಿಯವರು ಮೂರೂ ಚೀಟಿಗಳನ್ನು ಮಡಚಿ ಜೇಬಿಗಿಟ್ಟುಕೊಂಡು, ಅವರ ವೈದ್ಯರ ಒಪ್ಪಿಗೆ ಪಡೆದು ಕಾದರು. ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸ್ಕ್ಯಾನ್. ಎರಡನೆಯ ವರ್ಷ ಗಡ್ಡೆ ಎರಡೂವರೆ ಮಿಲಿಮೀಟರ್ ಬೆಳೆದಿತ್ತು. ಒಂದೇ ದಿನದ ಚಿಕಿತ್ಸೆ ಆರಿಸಿಕೊಂಡರು, ಮಂಡಿಗೆ ಹೆಚ್ಚು ರಜೆ ಹಾಕಲಾಗುವುದಿಲ್ಲ ಎಂಬ ಕಾರಣಕ್ಕೆ. ಅದೂ ಒಳ್ಳೆಯ ಕಾರಣವೇ. ಗಡ್ಡೆ ಈಗ ನಿಂತಿದೆ. ಎಡಗಿವಿ ನಿಧಾನವಾಗಿ ಹೋಯಿತು. ಕಳೆದ ಸಲ ಸಿಕ್ಕಾಗ ಎರಡೂ ಭುಜ ಸಡಿಲ ಬಿಟ್ಟು ಕೂತು ಬರೆಯುತ್ತಿದ್ದರು. ಬಲಗಿವಿಯಲ್ಲಿ ಇಯರ್‌ಫೋನ್ ಇತ್ತು, ಅದರ ಎಡಗಡೆಯ ತಂತಿಯನ್ನು ಕತ್ತರಿಸಿ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿದ್ದರು.